ಡಬ್ಬಿಯೊಳಗೆ ತೂಗಿದ ತೊಟ್ಟಿಲು

“ಈಗ ಕೇಳಿ. ಹಾಡು ಅದೇ, ಸ್ಪೀಕರ್ ಅದೇ. ಬದ್ಲಾದ್ದು ಈ ಡಬ್ಬಿ ಒಂದೇ.”

ನಿತ್ಯಾನಂದ ನೆಟ್ಟಿನ ನೀಲಿ ವಯರನ್ನು ಹಳೆಯ ಡಬ್ಬಿಯಿಂದ ಕಿತ್ತು ಹೊಸದಕ್ಕೆ ಸಿಕ್ಕಿಸಿದ. ಸಿಕ್ಕಿಸಿದ ರೀತಿಯೋ, ದೇವರ ತಲೆಯ ಮೇಲೆ ಹೂ ಇಟ್ಟ ಹಾಗೆ! ಹೊಸ ಡಬ್ಬಿಯಲ್ಲಿ ಹಸಿರು ದೀಪವೊಂದು ಮಿಣುಕಿತು. ಶಾಂತಾರಾಮ ರಾಯರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು.

ಸುಮತಿ ಒರಗಲಿಲ್ಲ. ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾಳೆ ಬೊಮ್ಮಯ್ಯನನ್ನು ಕೋರ್ಟಿಗೆ ಒಯ್ದು ಅಲ್ಲಿಂದ ಜೈಲಿಗೆ ಕಳಿಸುತ್ತಾರೆ. ಇವಳು ನೋಡಿದರೆ ಹೊನ್ನಾವರದ ಒಂದು ಎಸಿ ಕೋಣೆಯಲ್ಲಿ ಕೂತು ಡಬ್ಬಿಯ ಮಹಿಮೆ ಕೇಳುತ್ತಿದ್ದಾಳೆ. ಥೂ, ನನ್ನ ಹಣೆಬರಹವೇ ಎಂದುಕೊಂಡಳು.

ಕುಮಟೆಯಲ್ಲಿ ಅವಳ ಪತ್ತೇದಾರಿ ಆಫೀಸಿನ ಒಲೆ ಉರಿಯುವುದೇ ಮದುವೆ ಗಂಡುಗಳ ಬಂಡವಾಳ ಬಯಲು ಮಾಡುವುದರಿಂದ. ಹುಡುಗ ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ, ಹೇಳಿದ ನೌಕರಿ ನಿಜವಾಗಿ ಇದೆಯಾ. ಅದಕ್ಕೂ ಮೊದಲು ಬಾಡದ ಶಾಲೆಯಲ್ಲಿ ಕಲಿಸುತ್ತಿದ್ದಳು. ಹಾಗಾಗಿ ಇವತ್ತಿಗೂ ಎಲ್ಲರ ಬಾಯಲ್ಲಿ ಅವಳು ‘ಅಕ್ಕೋರು’. ಕೊಲೆಯ ಕೇಸು ಅವಳ ಬಾಗಿಲಿಗೆ ಬಂದದ್ದು ಬೊಮ್ಮಯ್ಯನ ಅವ್ವ, ಬಾಡದ ಹಾಡುಗಾರ್ತಿ ಗಣಪಿಯ ಜೊತೆಗೆ. “ನಮ್ಮ ಬೊಮ್ಮಯ್ಯ ನಿಮ್ಮ ಸಾಲಿ ಹುಡ್ಗ ಅಕ್ಕೋರೆ. ಅವ ಹಂಗೆ ಮಾಡೂನಲ್ಲ” ಎಂದು ಆ ಮುದುಕಿ ಮೆಟ್ಟಿಲ ಮೇಲೇ ಕೂತು ಅತ್ತಿದ್ದಳು.

ಗಣಪಿಯ ಹಾಡುಗಳನ್ನು ಫೋನಿಗೆ ತುಂಬಿಸಿಕೊಂಡು ನೆಟ್ಟಿಗೆ ಹಾಕುತ್ತಿದ್ದ ಅರುಣ ಹೊಳೆಯಂಚಿನ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಹೆಣವಾಗಿ ಸಿಕ್ಕಿದ್ದ. ಕಡೆಯ ದಿನ ಅವನು ಹಾಡು ತುಂಬಿಸಿಕೊಂಡಿದ್ದ ಫೋನು ಇನ್ನೂ ಸಿಕ್ಕಿರಲಿಲ್ಲ. ಕೇಳದೆ ಅವ್ವನ ಹಾಡನ್ನು ಊರಿಗೆಲ್ಲ ಹಂಚಿದ ಎಂದು ಬೊಮ್ಮಯ್ಯ ಅವನ ಕೊರಳಪಟ್ಟಿ ಹಿಡಿದದ್ದನ್ನು ಕಂಡವರಿದ್ದರು. ಪೊಲೀಸರಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನವೇ ಕೊಂದ, ಆಗಲೇ ಫೋನನ್ನು ಹೊಳೆಗೆ ಎಸೆದ, ಕತೆ ಮುಗಿಯಿತು ಎಂದರು.

ಫೋನು ಹೊಳೆಯಲ್ಲಿಲ್ಲ, ಬೇರೆ ಯಾರದೋ ಕೈಯಲ್ಲಿದೆ ಎಂದು ತೋರಿಸಿದರೆ ಮಾತ್ರ ಬೊಮ್ಮಯ್ಯ ಉಳಿಯುತ್ತಾನೆ. ಸುಮತಿಯ ಹತ್ತಿರ ಇದ್ದದ್ದು ಒಂದೇ ಎಳೆ. ಆ ಫೋನನ್ನೂ ಮೈಕನ್ನೂ ಅರುಣ ಎರವಲು ಪಡೆದದ್ದು ನಿತ್ಯಾನಂದನ ಆಡಿಯೋ ಅಂಗಡಿಯಿಂದ. ಅಂಗಡಿಗೆ ಹೋದರೆ ಬೀಗ. ರಾಯರ ಮನೆಗೆ ಹೊಸ ಡಬ್ಬಿ ಕೂರಿಸಲು ಹೋಗಿದ್ದಾರೆ ಎಂದು ಪಕ್ಕದ ಹಣ್ಣಿನಂಗಡಿಯವ ಹೇಳಿದ.

ರಾಯರಂತೂ ಕಂಡ ಕೂಡಲೇ, “ಬನ್ನಿ ಬನ್ನಿ ಅಕ್ಕೋರೆ, ಸರಿಯಾದ ಹೊತ್ತಿಗೆ ಬಂದ್ರಿ” ಎಂದು ಒಳಗೆ ಕರೆದರು. ಐಸ್ ಫ್ಯಾಕ್ಟರಿಯನ್ನು ಮಗಳು ಅಳಿಯನಿಗೆ ವಹಿಸಿದ ಮೇಲೆ ಅವರಿಗೆ ಹಾಡು ಕೇಳುವುದೊಂದೇ ಹುಚ್ಚು. ಅದಕ್ಕೆಂದೇ ಕಟ್ಟಿಸಿದ ಕೋಣೆ ಇದು. ಗೋಡೆಗೆಲ್ಲ ದಪ್ಪ ಬಟ್ಟೆಯ ಹೊದಿಕೆ, ಕಿಟಕಿಯೇ ಇಲ್ಲ, ಬಾಗಿಲಂತೂ ಗೇಣು ದಪ್ಪ. “ಬಾಗ್ಲು ಹಾಕಿದ್ರೆ ಆತು. ಒಳಗೆ ಗುಮಟೆ ಬಾರಿಸಿದ್ರೂ ಹೊರಗೆ ನೊಣಕ್ಕೆ ಗೊತ್ತಾಗೂದಿಲ್ಲ” ಎಂದು ಹೆಮ್ಮೆಯಿಂದ ಹೇಳಿದ್ದರು. ಹೋದ ತಿಂಗಳು ಹಾಕಿಸಿದ ಹೊಸ ರೌಟರಿನ ಗುಣಗಾನವೂ ಆಗಿತ್ತು. ಸದ್ಯಕ್ಕೆ ಚಹಾ ಬರಲಿ ಎಂದು ಬಾಗಿಲನ್ನು ಅರ್ಧ ತೆರೆದಿಟ್ಟಿದ್ದರು.

“ಪಾಪ, ಆ ಅರುಣ,” ಎಂದೂ ಅಂದಿದ್ದರು. “ನಾ ಅವನ ಮುಖ ಕಂಡವನಲ್ಲ. ಬಾಡದ ಗದ್ದೆಯೆಲ್ಲ ಒಕ್ಕಲಿಗೆ ಹೋದ ಮೇಲೆ ಆ ಕಡೆ ತಲೆ ಹಾಕ್ಲೇ ಇಲ್ಲ. ಆದ್ರೆ ಅವ ತುಂಬ್ಸಿದ ಈ ಹಾಡು ದಿನಾ ಕೇಳ್ತೆ.”

ಹಾಡು ಶುರುವಾಯಿತು.

ಗಣಪಿಯ ದನಿ ಕೋಣೆಯ ನಟ್ಟನಡುವೆ ಬಂದು ಕೂತಿತು. ‘ಗದ್ದಿ ಹಾಳಿ ಮ್ಯಾನೆ ಗಿಳಿ ಬಂದು ಕೂತಾವೆ’ ಎನ್ನುವ ನಾಟಿಯ ಹಾಡು. ಸುಮತಿ ತನ್ನ ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದ ಹಾಡು. ಈಗ ತಾನೇ ಹಳೆಯ ಡಬ್ಬಿಯಲ್ಲೂ ಕೇಳಿದ್ದಳು. ಆದರೆ ಸುಳ್ಳು ಹೇಳಬಾರದು, ಇದು ಬೇರೆಯೇ ಇತ್ತು. ಮುದುಕಿ ಉಸಿರೆಳೆಯುವುದು, ತುಟಿ ಅಂಟಿ ಬಿಡುವುದು ಎಲ್ಲ ಕೇಳುತ್ತಿತ್ತು. ಹಿಂದೆ ಎಲ್ಲೋ ಕೋಳಿ ಕೆದಕುತ್ತಿತ್ತು.

ಅದರ ಜೊತೆಗೇ, ತಾಳ ಹಾಕಿದಂತೆ, ಕಿರ್ರ್… ಕಿರ್ರ್…

“ಕೇಳ್ದ್ರಾ!” ರಾಯರು ಎದ್ದೇ ಕೂತರು. “ಆ ಕಿರ್ ಅಂಬೂದು! ಈ ಹಾಡು ನಾ ವರ್ಷದಿಂದ ಕೇಳ್ತೇ ಇದ್ದೆ, ಒಂದು ದಿವಸ ಅದು ಕಿವಿಗೆ ಬಿದ್ದಿದ್ದಿಲ್ಲ. ಹಳೇ ಡಬ್ಬಿ ಅದನ್ನ ನುಂಗೇ ಬಿಟ್ಟಿತ್ತು ನೋಡಿ!”

“ಅದೇ ರಾಯರೇ ನಾ ಹೇಳೂದು,” ನಿತ್ಯಾನಂದ ಉಬ್ಬಿದ. “ನೆಟ್ಟಿನ ವಯರಿನಾಗೆ ಕಸ ಇರ್ತದೆ. ಈ ಸ್ವಿಚ್ಚು ಕಸ ಎಲ್ಲ ಸೋಸ್ತದೆ. ಸೋಸಿದ ಮೇಲೆ ಅಡಗಿದ್ದೆಲ್ಲ ಮೇಲೆ ಬತ್ತದೆ.”

ಹಾಡು ಮುಗಿಯಿತು. ಮುಗಿದ ಕ್ಷಣವೇ ನಿತ್ಯಾನಂದ ಟ್ಯಾಬಿನ ಮೇಲೆ ಬೆರಳು ಒತ್ತಿ ನಿಲ್ಲಿಸಿದ.

ಸುಮತಿ ಕುರ್ಚಿಯ ಅಂಚಿಗೆ ಸರಿದಳು.

ಆ ಕಿರ್ರ್ ಸದ್ದನ್ನು ಅವಳು ಇವತ್ತು ಬೆಳಿಗ್ಗೆ ಬಾಡದಲ್ಲಿ ಕೇಳಿ ಬಂದಿದ್ದಳು.

ಗಣಪಿಯ ಜಗುಲಿಯಲ್ಲಿ ತೊಟ್ಟಿಲು ತೂಗುತ್ತಿತ್ತು, ಒಳಗೆ ಬೊಮ್ಮಯ್ಯನ ಕೂಸು. ಸರಪಳಿ ತುಕ್ಕು ಹಿಡಿದಿತ್ತು. ಆ ಸದ್ದಿಗೆ ತಲೆ ಚಿಟ್ಟು ಹಿಡಿದು ಸುಮತಿ, “ಒಂದು ತೊಟ್ಟು ಎಣ್ಣೆ ಬಿಡು ಮಾರಾಯ್ತಿ” ಎಂದಿದ್ದಳು.

“ಬ್ಯಾಡ ಅಕ್ಕೋರೆ,” ಗಣಪಿ ಅಂದಿದ್ದಳು. “ಸಿಸುಗೆ ಈ ಸದ್ದೇ ಜೋಗುಳ. ಮುರ್ಡೇಶ್ವರದ ತಂಗಿ ಮನಿಯಿಂದ ಕೇಳಿ ತಂದ ತೊಟ್ಲು. ನಮ್ಮಲ್ಲಿ ಹೊಸ ತೊಟ್ಲು ತರೂದಿಲ್ಲ. ಹತ್ತ್ ಮಕ್ಕಳು ಬೆಳ್ದ ತೊಟ್ಲಾಗೆ ಮನಗಿದ್ರೆ ಕೂಸು ಗಟ್ಟಿ ಆಗ್ತದೆ.”

“ಯಾವಾಗ ಕಟ್ಟಿದ್ದು?”

“ತೊಟ್ಲಿಗೆ ಹಾಕೂ ಶಾಸ್ತ್ರದ ದಿವ್ಸ. ಅದಕ್ಕೂ ಮೊದ್ಲು ಕಟ್ಟೂಕಾಗ್ತದಾ? ಖಾಲಿ ತೊಟ್ಲು ತೂಗ್ಲೇಬಾರ್ದು. ಅದ್ರ ಮಾರನೇ ದಿನವೇ ಅಲ್ದಾ ಅರುಣ ಹೊಸ ಮೈಕು ಹಿಡ್ಕಂಡ್ ಬಂದದ್ದು. ಇದೇ ಹಾಡು ಮತ್ತೆ ಹೇಳ್ಸ್ಕಂಡ. ಆಮೇಲೆ ಒಬ್ನೇ ನಡ್ಕಂಡ್ ಹೋದ.” ಅಲ್ಲಿಗೆ ಮುದುಕಿ ಬೇರೆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಿದ್ದಳು.

ನೆಟ್ಟಿನಲ್ಲಿರುವ ಹಾಡು ಹೋದ ವರ್ಷದ್ದು. ಆಗ ಬೊಮ್ಮಯ್ಯನಿಗೆ ಮದುವೆಯೂ ಆಗಿರಲಿಲ್ಲ.

ಸುಮತಿ ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟಳು. ಶಾಲೆಯಲ್ಲಿ ಅವಳು ಹಾಗೆ ನಿಂತರೆ ಹಿಂದಿನ ಬೆಂಚಿನವರು ಉಗುಳು ನುಂಗುತ್ತಿದ್ದರು.

“ರಾಯರೇ, ನಿಮ್ಮ ಫೋನಿನಿಂದ ಅದೇ ಹಾಡು ಹಚ್ಚಿ ನೋಡ್ವ. ಹೊಸ ಡಬ್ಬಿ ಹಾಗೇ ಇರ್ಲಿ.”

“ಅದೆಂತಕ್ಕೆ ಅಕ್ಕೋರೆ?” ನಿತ್ಯಾನಂದ ಟ್ಯಾಬನ್ನು ಎದೆಗೆ ಅವುಚಿಕೊಂಡ. “ಇದ್ರಿಂದ್ಲೇ ಹಚ್ಬೇಕು. ಇದ್ರ ಸೆಟ್ಟಿಂಗೇ ಬೇರೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಸುಮತಿ ಅವನ ಕಡೆ ನೋಡಲೂ ಇಲ್ಲ.

ರಾಯರು ತಮ್ಮ ಫೋನಿನಿಂದ ಹಾಡು ಹಚ್ಚಿದರು. ಗಣಪಿ ಹಾಡಿದಳು, ಗಿಳಿಗಳು ಬಂದು ಕೂತವು. ಕೋಳಿ ಇಲ್ಲ, ಉಸಿರಿಲ್ಲ, ಕಿರ್ರ್ ಇಲ್ಲ. ರಾಯರ ಹುಬ್ಬು ಗಂಟಾಯಿತು. ಡಬ್ಬಿಯ ಹಸಿರು ದೀಪ ಮಾತ್ರ ಮಿಣುಕುತ್ತಲೇ ಇತ್ತು.

“ಈಗ ಹಳೇ ಡಬ್ಬಿಗೆ ವಯರು ಸಿಕ್ಸಿ. ಹಾಡು ನಿತ್ಯಾನಂದನ ಟ್ಯಾಬಿನಿಂದ ಬರ್ಲಿ.”

“ಅಕ್ಕೋರೆ, ಹಂಗೆಲ್ಲ ಮಾಡಿದ್ರೆ…”

“ಸಿಕ್ಸು!”

ಆ ದನಿಗೆ ನಿತ್ಯಾನಂದನ ಕೈ ತಾನಾಗಿಯೇ ಮುಂದೆ ಹೋಯಿತು. ವಯರು ಹಳೆಯ ಡಬ್ಬಿಗೆ ಸೇರಿತು. ಸುಮತಿ ಅವನ ಕೈಯಿಂದ ಟ್ಯಾಬು ಕಿತ್ತುಕೊಂಡು ಹಾಡು ಒತ್ತಿದಳು. ಗಣಪಿ ಉಸಿರೆಳೆದಳು. ಕೋಳಿ ಕೆದಕಿತು. ಆ ಹಳೇ, ಕಸ ತುಂಬಿದ, ಕಾಸಿಗೆ ಬಾರದ ಡಬ್ಬಿಯಿಂದ ತೊಟ್ಟಿಲು ಚೆಂದಾಗಿ ಕೇಳಿತು. ಕಿರ್ರ್… ಕಿರ್ರ್…

ಹಾಡನ್ನು ನಡುವೆ ನಿಲ್ಲಿಸಿ ಅವಳು ರಾಯರ ಕಡೆ ತಿರುಗಿದಳು.

“ಹೋದ ತಿಂಗಳು ಹೊಸ ರೌಟರ್ ಹಾಕ್ಸಿದ್ರಲ್ಲ, ಅದ್ರಿಂದ ಹಾಡು ನಿಂತು ನಿಂತು ಬರೂದು ಸರಿ ಆತು. ಅದು ಖರೆ, ನಾ ಒಪ್ತೆ. ಆದ್ರೆ ದನಿ ಬದ್ಲಾಗೂದು ಬೇರೆ. ಟಪಾಲಿನವ ಹೊಸ ಚಪ್ಪಲಿ ಮೆಟ್ಕಂಡ್ ಬಂದ ಅಂತ ಕಾಗದದ ಅಕ್ಷರ ದುಂಡಗೆ ಆಗ್ತದಾ? ನೀವು ಕೇಳಿದ್ದು ಡಬ್ಬಿಯ ಗುಣ ಅಲ್ಲ, ಬೇರೆಯೇ ಒಂದು ಹಾಡು. ಅದೇ ಮುದುಕಿ ಅದೇ ಹಾಡನ್ನ ಇನ್ನೊಂದು ಸಲ ಹಾಡಿದ್ದು.”

“ಎಂತ ಹೇಳ್ತ್ರಿ ಅಕ್ಕೋರೆ…”

“ಕೂಸು ಹುಟ್ಟೂಕಿಂತ ಮೊದ್ಲು ಕುಲಾವಿ ಹೊಲ್ಸಿದೋರನ್ನ ಕಂಡಿದ್ದೆ. ಕೂಸು ಹುಟ್ಟೂಕಿಂತ ಮೊದ್ಲೇ ತೊಟ್ಲು ತೂಗ್ದೋರನ್ನ ಇವತ್ತೇ ಕಂಡದ್ದು! ಹೋದ ವರ್ಷದ ಹಾಡಿಗೆ ಈ ತಿಂಗಳ ತೊಟ್ಲು ಹ್ಯಾಂಗೆ ಬಂತು, ನಿತ್ಯಾನಂದ? ನಿನ್ನ ಡಬ್ಬಿ ಕಸ ಸೋಸ್ತದೆ ಅಂದ್ಯಲ್ಲ, ಅದು ಮಕ್ಕಳನ್ನೂ ಹೆರ್ತದಾ?”

ನಿತ್ಯಾನಂದ ಬಾಗಿಲ ಕಡೆ ನೋಡಿದ.

“ಇದು ಅರುಣ ಸಾಯೂ ದಿವಸ ತುಂಬ್ಸಿದ ಹಾಡು,” ಸುಮತಿ ಒಂದೊಂದೇ ಮಾತನ್ನು ಒತ್ತಿ ಹೇಳಿದಳು. “ಆ ಫೋನು ಎಲ್ಲಿದ್ದು? ಪೊಲೀಸರ ಮುಂದೆ ಹೇಳ್ತ್ಯಾ, ನನ್ನ ಮುಂದೆ ಹೇಳ್ತ್ಯಾ?”

“ಇಲ್ಲ ಅಕ್ಕೋರೆ! ದೇವ್ರಾಣೆ ಫೋನು ನನ್ನ ಹತ್ರ ಇಲ್ಲ!” ಅವನು ಅಳುವುದೊಂದು ಬಾಕಿ. “ಫೋನು ನಂದೇ. ನನ್ನ ಅಕೌಂಟೇ ಅದ್ರಾಗೆ ಇತ್ತು. ಅದ್ರಾಗೆ ಎಂತ ತುಂಬ್ಸಿದ್ರೂ ನೆಟ್ ಸಿಕ್ಕ ಕೂಡ್ಲೇ ತಾನಾಗೇ ನನ್ನ ಟ್ಯಾಬಿಗೆ ಬಂದ್ ಬೀಳ್ತದೆ. ಗಣಪಿ ಮನಿ ಹತ್ರ ನೆಟ್ ಇಲ್ಲ. ದಾರಿ ಮ್ಯಾಲೆ ಎಲ್ಲೋ ಸಿಕ್ಕಿರ್ಬೇಕು. ಸಂಜಿ ಹೊತ್ತಿಗೆ ಬಂತು. ಮಾರನೇ ದಿನ ಅರುಣ ಸತ್ತ ಸುದ್ದಿ ಬಂತು.”

“ಬಾಯಿ ಮುಚ್ಕಂಡು ಕೂತೆ.”

“ಹೆದ್ರಿದೆ. ಸತ್ತವನ ಹಾಡು ನನ್ನ ಹತ್ರ ಇದ್ದು ಅಂದ್ರೆ ನನ್ನನ್ನೇ ಹಿಡೀತಿದ್ರು. ಆಮೇಲೆ… ಕೇಳ್ದಾಗ ಎಷ್ಟ್ ಚೊಲೋ ಇತ್ತು! ಮೊದ್ಲಿಗೆ ನೆಟ್ಟಿಂದು ಹಚ್ಚಿ, ಆಮೇಲೆ ಇದ್ನ ಹಚ್ಚಿದ್ರೆ ಯಾರೂ ಡಬ್ಬಿ ಬ್ಯಾಡ ಅನ್ನೂದಿಲ್ಲ ಅಂತ ಕಂಡ್ತು.” ಅವನು ತಲೆ ತಗ್ಗಿಸಿದ. “ತೊಟ್ಲಿನ ವಿಚಾರ ನನ್ನ ತಲೆಗೇ ಹೊಳೀಲಿಲ್ಲ. ಗಿರಾಕಿಗೆ ಖುಷಿ ಆತಲ್ಲ, ಇರ್ಲಿ ಅಂದ್ಕಂಡೆ.”

ಅವನ ಕಪಾಳಕ್ಕೆ ಎರಡು ಬಿಗಿಯಬೇಕು ಎನಿಸಿತು ಸುಮತಿಗೆ. ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಲಾಕಪ್ಪಿನಲ್ಲಿ ಕೊಳೆಯುತ್ತಿದ್ದಾನೆ, ಈ ಪುಣ್ಯಾತ್ಮ ಆ ಹಾಡಿನಲ್ಲಿ ಡಬ್ಬಿ ಮಾರುತ್ತಿದ್ದಾನೆ. ಆದರೂ ಅವಳ ಎದೆಯಲ್ಲಿ ಸಣ್ಣದೊಂದು ಸಂತೋಷ ಚಿಗುರಿತು. ಹಾಡು ದಾರಿಯಲ್ಲಿ ಬಂದಿದೆ, ಸಂಜೆಗೆ ಬಂದಿದೆ. ಫೋನು ಹೊಳೆಗೆ ಬೀಳದೆ ಯಾರ ಜೊತೆಗೋ ಪ್ರಯಾಣ ಮಾಡಿದೆ. ಬೊಮ್ಮಯ್ಯ ಬದುಕಿಕೊಂಡ ಎಂದುಕೊಂಡಳು.

ನಿನ್ನೆ ಲಾಕಪ್ಪಿನ ಕಂಬಿ ಹಿಡಿದು ಅವನು ಅತ್ತದ್ದು ಕಣ್ಣ ಮುಂದೆ ಬಂತು. ಬೋಟಿನ ಎಂಜಿನ್ನಿನ ಸದ್ದು ಮೀರಿ ಕೂಗಿ ಕೂಗಿ ಅವನ ದನಿ ಒಡಕು ಗುಮಟೆಯ ಹಾಗಾಗಿತ್ತು. “ತೊಟ್ಲ ಶಾಸ್ತ್ರದ ಮಾರನೇ ದಿನ ಬೆಳಗಿನ ಬಸ್ಸಿಗೇ ಭಟ್ಕಳ ಬಂದರಕ್ಕೆ ಹೋದೆ ಅಕ್ಕೋರೆ. ಆ ದಿವಸ ನಾ ಮನಿಯಾಗೇ ಇರ್ಲಿಲ್ಲ. ಅವ್ವನ ಆಣೆ.” ಬಂದರದಲ್ಲಿ ಅವನನ್ನು ಕಂಡವರು ಯಾರೂ ಸಿಕ್ಕಿರಲಿಲ್ಲ. ಆದರೂ ಸುಮತಿ ನಂಬಿದ್ದಳು. ಶಾಲೆಯಲ್ಲಿ ಪೆನ್ಸಿಲ್ ಕದ್ದರೂ ಮಾರನೇ ದಿನ ತಾನೇ ಬಂದು ಒಪ್ಪಿಸುತ್ತಿದ್ದ ಹುಡುಗ ಅವನು.

ಟ್ಯಾಬಿನ ಮೇಲಿನ ಗೆರೆಯನ್ನು ಅವಳು ಆಗ ಗಮನಿಸಿದಳು. ಹಾಡು ಮುಗಿಯುವ ಜಾಗದಿಂದಾಚೆಗೂ ಗೆರೆ ಉದ್ದಕ್ಕೆ ಹೋಗಿತ್ತು.

“ಹಾಡು ಮುಗಿದ ಮೇಲೆ ಎಂತ ಇದ್ದು?”

“ಎಂತದೂ ಇಲ್ಲ. ಬರೀ ತೊಟ್ಲು ಕಿರುಗುಟ್ತದೆ. ಅರುಣ ಬಂದ್ ಮಾಡೂಕೆ ಮರ್ತಿರ್ಬೇಕು. ನಾ ಮುಂದೆ ಕೇಳ್ಲಿಲ್ಲ.”

ಖರೆ ಇರಬಹುದು. ಗಿರಾಕಿ ತಲೆದೂಗಿದ ಮೇಲೆ ಉಳಿದದ್ದರ ಉಸಾಬರಿ ನಿತ್ಯಾನಂದನಿಗೆ ಯಾಕೆ?

ಸುಮತಿ ಬೆರಳಿನಿಂದ ಹಾಡನ್ನು ಕೊನೆಗೆ ಎಳೆದಳು.

“ಅಕ್ಕೋರೆ, ಸಾಕು.” ರಾಯರು ಅಷ್ಟು ಹೊತ್ತಿನ ಮೇಲೆ ಮಾತಾಡಿದರು. “ಇನ್ನು ಚಾ ಕುಡಿವ. ಟ್ಯಾಬು ಪೊಲೀಸರಿಗೆ ಕೊಡಿ, ಅವ್ರು ನೋಡ್ಕಳ್ತ್ರು.”

ಈ ಕೋಣೆಯಲ್ಲಿ ಹಾಡು ನಿಲ್ಲಿಸಿ ಎಂದು ರಾಯರು ಹೇಳಿದ್ದು ಬಹುಶಃ ಅದೇ ಮೊದಲು. ಸುಮತಿ ಅವರನ್ನೇ ನೋಡುತ್ತ ಒತ್ತಿದಳು.

ಹಾಡಿನ ಕೊನೆಯ ಸಾಲು. ಕಿರ್ರ್… ಕಿರ್ರ್… ಆಮೇಲೆ ಒಬ್ಬ ಹುಡುಗನ ನಗು. “ಆತು ಗಣಪಕ್ಕ! ಚೊಲೋ ಬಂತು ಈ ಸಲ.” ಸತ್ತವನ ದನಿ. ಚೀಲದ ಜಿಪ್ಪು ಎಳೆದ ಸದ್ದು. ತೊಟ್ಟಿಲು. ಕೋಳಿ. ಆಮೇಲೆ ಅಂಗಳದಾಚೆ ಒಂದು ಕಾರು ಬಂದು ನಿಂತಿತು. ಬಾಗಿಲು ತೆರೆದು ಹಾಕಿದ ಸದ್ದು. ಯಾರೋ ತರಗೆಲೆ ತುಳಿಯುತ್ತ ಬಂದರು.

“ಅರುಣಾ, ಮುಗೀತಾ? ಬಾ, ಹೊನ್ನಾವರದವರೆಗೆ ಕಾರಿನಾಗೆ ಬಿಡ್ತೆ.”

ಗಣಪಿಯ ದನಿ, ಗಡಿಬಿಡಿಯಲ್ಲಿ: “ಒಡೆಯಾ, ನೀವಾ! ಬನ್ನಿ, ಮೇಲ್ ಬನ್ನಿ. ಬೆಲ್ಲ ನೀರು ಕುಡ್ದ್ ಹೋಗಿ.”

ನಿತ್ಯಾನಂದ ಬಾಯಿ ತೆರೆದುಕೊಂಡು ಶಾಂತಾರಾಮ ರಾಯರ ಕಡೆ ತಿರುಗಿದ. ಸುಮತಿ ತಿರುಗಬೇಕಾಗಿರಲಿಲ್ಲ, ಮೊದಲೇ ಅವರನ್ನೇ ನೋಡುತ್ತಿದ್ದಳು. ಅವರು ಆಸೆಪಟ್ಟು ತರಿಸಿದ ಸ್ಪೀಕರಿನಲ್ಲಿ, ಅವರದೇ ಕೋಣೆಯಲ್ಲಿ, ಅವರದೇ ದನಿ ಎದುರಿಗೆ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿತ್ತು.

ಅರುಣನ ಮುಖ ಕಂಡಿಲ್ಲ ಎಂದಿದ್ದರು. ಬಾಡದ ಕಡೆ ತಲೆ ಹಾಕಿಲ್ಲ ಎಂದಿದ್ದರು. ಆದರೆ ಸುಮತಿಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಒಬ್ನೇ ನಡ್ಕಂಡ್ ಹೋದ ಎಂದು ಗಣಪಿ ಹೇಳಿದ್ದಳಲ್ಲ! ಹೆತ್ತ ಮಗ ಲಾಕಪ್ಪಿನಲ್ಲಿರುವಾಗ ಈ ಮನುಷ್ಯನ ಹೆಸರನ್ನು ಅವಳು ಯಾಕೆ ನುಂಗಿಕೊಂಡಳು?

ರಾಯರು ನಿಧಾನವಾಗಿ ಎದ್ದರು. ಅರ್ಧ ತೆರೆದಿದ್ದ ಬಾಗಿಲನ್ನು ದೂಡಿ ಚಿಲಕ ಹಾಕಿದರು. ನಿತ್ಯಾನಂದ ಗೋಡೆಗೆ ಅಂಟಿಕೊಂಡ.

“ಚಿಲಕ ತೆಗೀರಿ ರಾಯರೇ,” ಎಂದಳು ಸುಮತಿ.

“ಹೆದರ್ಬೇಡಿ. ಹೊರಗೆ ಆಳುಗಳಿದ್ರು, ಅವರ ಕಿವಿಗೆ ಬೀಳೂದು ಬ್ಯಾಡ ಅಂತ ಹಾಕಿದೆ.” ರಾಯರು ಎರಡೂ ಕೈ ಜೋಡಿಸಿದರು. “ಹಾಡಿನ ಆಸೆಗೆ ನಾ ಅಲ್ಲಿಗೆ ಹೋದದ್ದು ಹೌದು. ಗಣಪಿ ಕೈ ಮುಗ್ದ್ ಬೇಡ್ಕಂಡ್ಲು ಅಂತ ಸುಳ್ಳು ಹೇಳಿದ್ದೂ ಹೌದು. ಆದ್ರೆ ಅರುಣ ನನ್ನ ಕಾರು ಹತ್ಲಿಲ್ಲ. ನಿಮ್ಮ ಕಾಲಿಗೆ ಬೀಳ್ತೆ ಅಕ್ಕೋರೆ, ಅಲ್ಲಿಗೇ ನಿಲ್ಸಿ. ಮುಂದೆ ಕೇಳಿದ್ರೆ ನಿಮಗೂ ಗಣಪಿಯ ಹಾಗೆ ಬಾಯಿ ಮುಚ್ಕಂಡು ಇರೂದೊಂದೇ ದಾರಿ ಉಳೀತದೆ.”

ಸ್ಪೀಕರಿನಲ್ಲಿ ತೊಟ್ಟಿಲು ಇನ್ನೂ ತೂಗುತ್ತಿತ್ತು. ಸುಮತಿಯ ಬೆರಳು ನಿಲ್ಲಿಸುವ ಗುರುತಿನ ಮೇಲೆ ಇತ್ತು.

ಅವಳು ಒತ್ತಲಿಲ್ಲ.

ಕಿರ್ರ್… ಕಿರ್ರ್… ಸದ್ದು ತಟ್ಟನೆ ನಿಂತಿತು, ಯಾರೋ ಸರಪಳಿಯನ್ನು ಕೈಯಲ್ಲಿ ಹಿಡಿದ ಹಾಗೆ. ಕೂಸು ಅಳತೊಡಗಿತು. ಅದರ ಅಳುವಿನ ಮೇಲೆ, ಒಡಕು ಗುಮಟೆಯಂಥ ಒಂದು ದನಿ ಬಹಳ ಹತ್ತಿರದಿಂದ ಕೇಳಿಸಿತು.

“ಅವ್ವಾ, ಒಡೇರನ್ನ ಕಳ್ಸಿ ಬಾಗ್ಲು ಹಾಕು. ಅರುಣ ಇವತ್ತ್ ಎಲ್ಲೂ ಹೋಗೂದಿಲ್ಲ.”